ಹಸಿ ಹಾಸಿನ ಮೇಲೆ ಯಾರೂ ನಡೆಯಲಿಲ್ಲ

“ರೇಟು ಆಮೇಲೆ ಕೇಳಿ ಸಾರ್. ಮೊದಲು ಬೂಟು ಬಿಚ್ಚಿ, ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡಿ,” ಎಂದ ಮೇಸ್ತ್ರಿ.

ಎಲ್ಲರೂ ಜಿಗಣೆ ಎಂದು ಕರೆಯುವ ಗಿರಾಕಿ ಬೂಟು ಬಿಚ್ಚಿದ. ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಪತ್ತೇದಾರನೊಬ್ಬ ಕೈಯಲ್ಲಿ ಬೂಟು ಹಿಡಿದುಕೊಂಡು ಬೇರೆಯವರ ಮನೆ ಮುಂದೆ ಬರಿಗಾಲಲ್ಲಿ ಓಡಾಡುವುದನ್ನು ನೋಡಲು ಎದುರುಮನೆಯಲ್ಲಿ ಯಾರೋ ಪರದೆ ಸರಿಸಿದರು. ನೋಡಿಕೊಳ್ಳಲಿ. ಅವನ ಕಾಲಡಿಯಲ್ಲಿ ಕೊತ್ತಂಬರಿ ಬೀಜದಷ್ಟು ಸಣ್ಣ ಕಂದುಗಲ್ಲುಗಳು ಒಂದಕ್ಕೊಂದು ಅಂಟಿಕೊಂಡು, ಒಂದೂ ಅಲುಗದೆ, ಒಂದೂ ಚುಚ್ಚದೆ, ಗೇಟಿನಿಂದ ಮುಂಬಾಗಿಲಿನ ತನಕ ಹಾಸಿಕೊಂಡಿದ್ದವು.

ಅವನು ಬಂದದ್ದು ಪತ್ತೇದಾರಿಕೆಗಲ್ಲ. ಆ ಕೆಲಸ ಹೋದ ವಾರವೇ ಮುಗಿದಿತ್ತು. ಎರಡು ತಿಂಗಳ ಹಿಂದೆ ಈ ಮನೆಯ ತಾಯಿ ಎದೆನೋವು ಬಂದು ತೀರಿಕೊಂಡಿದ್ದರು. ಆಸ್ಪತ್ರೆ ಸೇರಲು ತಡವಾದದ್ದು ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮನಿಂದಲೇ ಎಂದು ಅವನು ವರದಿ ಬರೆದುಕೊಟ್ಟಿದ್ದ. ಪೊಲೀಸರು ಅದನ್ನೇ ಹಿಡಿದು ಅವಳನ್ನು ಒಳಗೆ ಹಾಕಿದ್ದರು.

ಕೇಸು ಕೊಟ್ಟವಳು ಸತ್ತ ತಾಯಿಯ ಮಗಳು, ದೂರದ ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ಅವಳು ಧಾರಾಳವಾಗಿ ಕೊಟ್ಟ ಫೀಸು ಕೈಗೆ ಬಂದದ್ದೇ ತಡ, ಜಿಗಣೆಯ ಹೆಂಡತಿ ತನ್ನ ಮಂಡಿನೋವಿನ ವಿಷಯ ತೆಗೆದಿದ್ದಳು. ಮನೆ ಮುಂದಿನ ಸಿಮೆಂಟು ಬಾಯಿ ಬಿಟ್ಟು ಎಷ್ಟು ವರ್ಷವಾಯಿತು, ಎಡವಿ ಬಿದ್ದು ಸೊಂಟ ಮುರಿದ ಮೇಲೆ ಸರಿ ಮಾಡಿಸ್ತೀರಾ ಎಂದಿದ್ದಳು. ಆಗ ಅವನಿಗೆ ಈ ಕಲ್ಲಿನ ಹಾಸು ನೆನಪಾಯಿತು. ಈ ಮನೆಯ ಮಗ, ಅಂದರೆ ಡಾಕ್ಟರಮ್ಮನ ತಮ್ಮ, ಸಂಕೋಚದಿಂದಲೇ ಮೇಸ್ತ್ರಿಯ ನಂಬರು ಕೊಟ್ಟು, “ಬಂದು ನೋಡ್ಕೊಂಡು ಹೋಗಿ, ನಾನು ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬರ್ತೀನಿ,” ಎಂದಿದ್ದ.

“ಹೇಗಿದೆ ಸಾರ್?”

“ಚೆನ್ನಾಗಿದೆ ಮಾರಾಯ. ಈಗಲಾದರೂ ಬೆಲೆ ಹೇಳು.”

“ಇದಕ್ಕೆ ಒಂದೇ ಮಾತಲ್ಲಿ ಬೆಲೆ ಹೇಳೋನು ಮೋಸಗಾರ,” ಎಂದು ಮೇಸ್ತ್ರಿ ಗೇಟಿಗೆ ಒರಗಿ ನಿಂತ. ಮಾತು ಎಂದರೆ ಅವನಿಗೆ ಹಬ್ಬ. “ಮೇಲೆ ಕಾಣೋದು ಬೆರಳು ದಪ್ಪ. ದುಡ್ಡು ಇರೋದು ಅಡಿಯಲ್ಲಿ. ನಿಮ್ಮ ಸಿಮೆಂಟು ಗಟ್ಟಿಯಾಗಿದ್ರೆ ಬಿರುಕು ತುಂಬಿ ಅದರ ಮೇಲೇ ಹಾಸ್ತೀನಿ, ಅರ್ಧಕ್ಕರ್ಧ ಉಳಿಯುತ್ತೆ. ಟೊಳ್ಳಾಗಿದ್ರೆ ಎಲ್ಲ ಅಗೆದು, ಜಲ್ಲಿ ತುಂಬಿ, ರೋಲರ್ ಹೊಡೆದು, ಹೊಸದಾಗಿ ತಳ ಕಟ್ಟಬೇಕು. ಆವಾಗ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡು ಅಂತ ಇಟ್ಕೊಳ್ಳಿ.”

“ಕಾರು ನಿಲ್ಲಿಸೋ ಜಾಗಕ್ಕೆ ಕಾರಿನ ದುಡ್ಡಾ?”

“ಎಲ್ಲರೂ ಹೀಗೇ ಅಂತಾರೆ, ಆಮೇಲೆ ಎಲ್ಲರೂ ಹಾಕಿಸ್ತಾರೆ. ಜಾಗ ಚಿಕ್ಕದಾದ್ರೆ ಖರ್ಚೂ ಚಿಕ್ಕದು ಅಂದ್ಕೋಬೇಡಿ. ಹತ್ತಡಿಗೂ ಅದೇ ಮಿಕ್ಸರು, ಅದೇ ಐದು ಜನ, ಅದೇ ಲಾರಿ. ಇನ್ನು ಕಲ್ಲು ಅಂಟಿಸೋ ಅಂಟು, ರೆಸಿನ್, ಅದರಲ್ಲೂ ಎರಡು ಥರ. ಅಗ್ಗದ್ದು ಬಿಸಿಲಿಗೆ ಹಳದಿ ತಿರುಗುತ್ತೆ. ಇಲ್ಲಿ ಹಾಕಿರೋದು ತಿರುಗದೇ ಇರೋದು. ಡಾಕ್ಟ್ರಮ್ಮ ಫೋನಲ್ಲೇ ಹೇಳಿಬಿಟ್ರು, ‘ದುಡ್ಡು ನಂದು, ಅಮ್ಮನ ಕುರ್ಚಿ ಒಂದು ಸಲಾನೂ ಕುಲುಕಬಾರದು’ ಅಂತ.”

ಅಮ್ಮನ ಕುರ್ಚಿ ಎಂದರೆ ಗಾಲಿ ಕುರ್ಚಿ. ಮೊದಲು ಇಲ್ಲಿ ಬರೀ ಜಲ್ಲಿ ಸುರಿದಿತ್ತಂತೆ. ಗಾಲಿ ಹೂತುಹೋಗಿ ಆಕೆ ಗೇಟಿನ ಮುಖ ನೋಡಿಯೇ ವರ್ಷವಾಗಿತ್ತಂತೆ. ಹೊಸ್ತಿಲ ಮುಂದಿನ ಮೆಟ್ಟಿಲು ಒಡೆದು ಇಳಿಜಾರು ಮಾಡಿದ್ದನ್ನು ಮೇಸ್ತ್ರಿ ಹೆಮ್ಮೆಯಿಂದ ತೋರಿಸಿದ.

“ಪಾಪ, ಕೆಲಸ ನಡೆಯೋವಾಗ ಇಡೀ ದಿನ ಆ ಕಿಟಕಿಯಲ್ಲಿ ಕೂತಿದ್ರು. ನಾವು ಕರಣೆ ಎಳೆಯೋದನ್ನೇ ನೋಡ್ತಾ. ಸಂಜೆ ಹೊರಡೋವಾಗ ನನ್ನ ಕರೆದು, ‘ನಾಳೆ ನಾನು ಗೇಟಿನ ತನಕ ಹೋಗಬಹುದಾಪ್ಪಾ?’ ಅಂದ್ರು. ‘ಧಾರಾಳವಾಗಿ ಹೋಗಿ ತಾಯೀ’ ಅಂದೆ. ಎಲ್ಲಿಂದ ಹೋಗೋದು? ಅವತ್ತೇ ಹೋಗಿಬಿಟ್ರಲ್ಲ.”

ಜಿಗಣೆ ಒಂದು ಕಾಲಿಗೆ ಬೂಟು ಏರಿಸುತ್ತಿದ್ದವನು ಹಾಗೇ ನಿಂತ.

“ಅವತ್ತೇ? ಇದನ್ನ ಹಾಕಿದ್ದು ಅವರು ತೀರಿಕೊಂಡ ದಿನಾನಾ?”

“ಅವತ್ತೇ ಸಾರ್. ದೀಪ ಹಾಕೋ ಹೊತ್ತಿಗೆ ಕೆಲಸ ಮುಗಿಸಿ ಗೇಟಿಗೆ ಹಗ್ಗ ಕಟ್ಟಿ ಹೋದೆ. ಅವತ್ತು ಚಳಿ ಬೇರೆ. ಚಳಿಗೆ ರೆಸಿನ್ ಬೇಗ ಹಿಡಿಯಲ್ಲ. ಬೆಳಗಾಗೋ ತನಕ ಯಾರೂ ಕಾಲಿಡಬಾರದು ಅಂತ ಮನೆಯವರಿಗೂ ಹೇಳಿದ್ದೆ, ಡಾಕ್ಟ್ರಮ್ಮನಿಗೂ ಫೋನಲ್ಲಿ ಹೇಳಿದ್ದೆ.” ಮೇಸ್ತ್ರಿ ದನಿ ತಗ್ಗಿಸಿದ. “ಮರುದಿನ ಹಗ್ಗ ಬಿಚ್ಚೋಕೆ ಬಂದ್ರೆ ಸಾವಿನ ಮನೆ. ಬೈಬೇಡಿ ಸಾರ್, ಸುದ್ದಿ ಕೇಳಿದ ಮೇಲೂ ನಾನು ಮೊದಲು ನೋಡಿದ್ದು ಹಾಸನ್ನೇ. ಜನ ಓಡಾಡಿ ಎಲ್ಲ ಹಾಳು ಮಾಡಿರ್ತಾರೆ, ಮತ್ತೆ ನನ್ನ ತಲೆಗೇ ಬರುತ್ತೆ ಅಂತ. ಒಂದು ಗುರುತಿಲ್ಲ! ಬೆಕ್ಕು ನಡೆದ್ರೂ ಬೀಳುತ್ತೆ ಇದರಲ್ಲಿ. ಅಂಥಾ ಗಡಿಬಿಡಿಯಲ್ಲೂ ಎಷ್ಟು ಜೋಪಾನ ಮಾಡಿದ್ದಾರೆ ನೋಡಿ. ಇಂಥ ಮನೆಯವರು ಸಿಗಬೇಕು ಸಾರ್.”

ಜಿಗಣೆ ಎರಡೂ ಬೂಟು ಏರಿಸಿಕೊಂಡ. ಅವನ ವರದಿಯ ಎರಡನೇ ಪುಟದಲ್ಲಿ ಅವನದೇ ಮಾತು ಹೀಗಿತ್ತು: ನರ್ಸಮ್ಮ ಕೂಗಿದ ಕೂಡಲೇ ಮಗ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂಬಾಗಿಲಿನಿಂದ ನೇರವಾಗಿ ಗೇಟಿಗೆ ತಂದು, ರಸ್ತೆಯಲ್ಲಿ ನಿಂತಿದ್ದ ಕಾರಿಗೆ ಹತ್ತಿಸಿದ. ಹೊರಟದ್ದು ಊಟದ ಹೊತ್ತಿಗೆ. ಆಸ್ಪತ್ರೆಯ ಡಾಕ್ಟರು, ನೋವು ಶುರುವಾಗಿ ಗಂಟೆಯ ಮೇಲಾಗಿದೆ ಎಂದಿದ್ದರು. ಮಗನ ಕಡೆಯಿಂದ ಒಂದು ಕ್ಷಣವೂ ಪೋಲಾಗಿಲ್ಲ ಎಂದ ಮೇಲೆ ಆ ಗಂಟೆ ನರ್ಸಮ್ಮನದೇ ಆಗಬೇಕಿತ್ತು. ಲೆಕ್ಕ ಎಷ್ಟು ಸಲೀಸಾಗಿ ಕೂಡಿತ್ತೆಂದರೆ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

“ಗುರುತು ಬಿದ್ದದ್ದನ್ನ ಆಮೇಲೆ ಮುಚ್ಚಿ ರಿಪೇರಿ ಮಾಡಿರಬಹುದಾ?” ಎಂದು ಕೇಳಿದ. ದನಿ ಅವನದಲ್ಲ ಎನ್ನಿಸಿತು.

ಮೇಸ್ತ್ರಿಗೆ ಅವಮಾನವಾಯಿತು. “ತೇಪೆ ಹಾಕಿದ್ರೆ ಕುರುಡನಿಗೂ ಕಾಣುತ್ತೆ ಸಾರ್. ಬಣ್ಣ ಸೇರಲ್ಲ. ಬೇಕಾದ್ರೆ ಮೊಣಕಾಲೂರಿ ನೋಡಿ.”

ಜಿಗಣೆ ಮೊಣಕಾಲೂರಿ ನೋಡಿದ. ಗೇಟಿನಿಂದ ಹೊಸ್ತಿಲ ತನಕ ಅಂಗುಲ ಅಂಗುಲವಾಗಿ ನೋಡಿದ. ಹಾಸು ಎಡಗೋಡೆಯಿಂದ ಬಲಗೋಡೆಗೆ ಮುಟ್ಟಿಕೊಂಡಿತ್ತು. ನಡುವೆ ಹೂವಿನ ಪಾತಿಯಿಲ್ಲ, ಮಣ್ಣಿನ ಅಂಚಿಲ್ಲ. ಗೋಡೆಯ ಬುಡದಲ್ಲಿ ಬೆರಳಗಲದ ಅಲ್ಯೂಮಿನಿಯಂ ಪಟ್ಟಿ ಮಾತ್ರ. ಅದರ ಮೇಲೆ ನಡೆಯಲು ಸಾಧ್ಯವೇ ಎಂದು ಗೋಡೆ ತಬ್ಬಿಕೊಂಡು ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ಜಾರಿ ಹಾಸಿನ ಮೇಲೇ ಕೂತ. ಎದುರುಮನೆಯ ಪರದೆ ಪೂರ್ತಿ ತೆರೆಯಿತು.

“ನಿಮಗೆ ಹಾಕಿಸೋ ಮನಸ್ಸಿದೆಯೋ ಇಲ್ವೋ?” ಎಂದ ಮೇಸ್ತ್ರಿ.

“ಇಲ್ಲಪ್ಪ,” ಎಂದ ಜಿಗಣೆ. “ನನ್ನ ಕೈಲಿ ಆಗಲ್ಲ. ನೀನು ಹೊರಡು.”

ಮೇಸ್ತ್ರಿ ಗೊಣಗುತ್ತ ಗಾಡಿ ಏರಿ ಹೋದ. ಜಿಗಣೆ ಗೇಟು ದಾಟಿ, ಮೂಲೆ ತಿರುಗಿ, ಮನೆಯ ಹಿಂದಿನ ಓಣಿಗೆ ನಡೆದ. ಇಡೀ ತನಿಖೆಯಲ್ಲಿ ಅವನು ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ. ವಿಮೆ ಕಂಪನಿಯಲ್ಲಿದ್ದಾಗ, ಹಿಡಿದರೆ ಬಿಡುವುದಿಲ್ಲವೆಂದು ಸಹೋದ್ಯೋಗಿಗಳು ಅವನಿಗೆ ಈ ಹೆಸರಿಟ್ಟಿದ್ದರು. ಈ ಸಲ ಜಿಗಣೆ ಹಿಡಿದಿದ್ದು ತಪ್ಪು ಕಾಲನ್ನು.

ನರ್ಸಮ್ಮ ಹೇಳಿದ್ದಳಲ್ಲ! ಠಾಣೆಯ ಬೆಂಚಿನ ಮೇಲೆ ಕೂತು, ಮೂಗು ಒರೆಸಿಕೊಳ್ಳುತ್ತ, “ಮುಂದಿನಿಂದ ಬಿಡಲಿಲ್ಲ ಸಾರ್, ಹಿಂದಿನಿಂದ ಕರ್ಕೊಂಡು ಹೋದ್ವಿ, ಬೀಗದ ಕೈ ಸಿಗಲಿಲ್ಲ,” ಎಂದಿದ್ದಳು. ಯಾಕೆ ಬಿಡಲಿಲ್ಲ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನು ಕೇಳಿರಲಿಲ್ಲ. ಸಿಕ್ಕಿಬಿದ್ದವರು ಮಾತು ಬದಲಾಯಿಸುವುದು ಅವನಿಗೆ ಹೊಸದಲ್ಲವಲ್ಲ. ಪಕ್ಕದಲ್ಲಿದ್ದ ಪೊಲೀಸಿನವನ ಕಡೆ ನೋಡಿ ಮುಗುಳ್ನಕ್ಕಿದ್ದ ಕೂಡ; ಆಮೇಲೆ ಡಾಕ್ಟರಮ್ಮನಿಗೂ ಫೋನಿನಲ್ಲಿ ಅದನ್ನು ನಗುತ್ತಲೇ ಹೇಳಿದ್ದ. ಆ ನಗು ನೆನಪಾಗಿ ಈಗ ಅವನಿಗೆ ತನ್ನ ಮುಖವೇ ಬೇಡವೆನಿಸಿತು.

ಹಿಂದಿನ ಗೇಟು ಸಣ್ಣದು, ತುಕ್ಕು ಹಿಡಿದದ್ದು. ಚಿಲಕಕ್ಕೆ ತೂಗುತ್ತಿದ್ದ ಬೀಗ ಮಾತ್ರ ಹೊಚ್ಚ ಹೊಸದು. ಹಳೆಯದನ್ನು ಯಾವುದೋ ಭಾರವಾದ ವಸ್ತುವಿನಿಂದ ಹೊಡೆದು ಮುರಿದಿದ್ದಕ್ಕೆ ಚಿಲಕದ ಕಬ್ಬಿಣ ಒಂದು ಕಡೆ ಬಾಗಿತ್ತು. ಕಂಬಿಗಳ ನಡುವೆ ಕಣ್ಣಿಟ್ಟರೆ ಅಡುಗೆಮನೆ ಪಕ್ಕದ ಕಿರಿದಾದ ಹಾದಿ, ಕಡಿದಾದ ಮೂರು ಮೆಟ್ಟಿಲು, ಬಿಳಿ ಬಣ್ಣ ಬಳಿದ ಗೋಡೆ. ಆ ಗೋಡೆಯ ಮೇಲೆ, ಗಾಲಿ ಕುರ್ಚಿಯ ಹಿಡಿಕೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದಲ್ಲಿ, ಗಾರೆ ಕಿತ್ತುಬರುವಂತೆ ಉದ್ದಕ್ಕೆ ಗೀರು ಬಿದ್ದಿತ್ತು. ಮೆಟ್ಟಿಲ ಬಳಿ ಗೀರು ಆಳವಾಗಿ, ಕೆಳಕ್ಕೆ ಜಾರಿತ್ತು. ಅಲ್ಲಿ ಕುರ್ಚಿ ವಾಲಿರಬೇಕು. ಎದೆ ಹಿಡಿದುಕೊಂಡು ಕೂತಿದ್ದ ಆ ವಯಸ್ಸಾದ ಹೆಂಗಸು ಆಗ ಏನಂದಳೋ.

ಜಿಗಣೆ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತ. ನರ್ಸಮ್ಮನ ಬೇಲ್ ಅರ್ಜಿ ನಾಳೆ ಬೆಳಿಗ್ಗೆ ಕೋರ್ಟಿನ ಮುಂದಿತ್ತು. ಅಷ್ಟರೊಳಗೆ ಈ ಮನೆಯವರ ಬಾಯಿಂದಲೇ ನಿಜ ಬರದಿದ್ದರೆ ಅವಳಿಗೆ ಗತಿಯಿರಲಿಲ್ಲ.

ಮುಂದಿನ ಕಡೆ ಗೇಟು ಕಿರ್ ಎಂದಿತು. ಡಾಕ್ಟರಮ್ಮನ ತಮ್ಮ ಊಟಕ್ಕೆ ಬಂದಿದ್ದ.

* * *

ತಮ್ಮನಿಗೆ ಕನ್ನಡಕದ ಅಂಗಡಿ. ನಲವತ್ತರ ಆಸುಪಾಸು, ಮದುವೆಯ ಗೋಜಿಗೆ ಹೋಗದವನು, ಇಸ್ತ್ರಿ ಮುರಿಯದ ಅಂಗಿ. ಮಾತಾಡುವಾಗ ಎದುರಿನವರ ಕನ್ನಡಕದ ಮೇಲಿನ ಧೂಳು ಕಂಡರೂ ಕೈ ಚಾಚಿ ಇಸಿದುಕೊಂಡು ಒರೆಸಿಕೊಡುವ ಅಭ್ಯಾಸ ಅವನಿಗೆ. ಈಗಲೂ ಜಿಗಣೆಯನ್ನು ಕೂರಿಸಿ, ಅವನ ಕನ್ನಡಕ ತೆಗೆದುಕೊಂಡು ಉಜ್ಜುತ್ತ ಕೇಳಿದ.

“ನೋಡಿದ್ರಾ ಸಾರ್? ರೇಟು ಕುದುರ್ತಾ?”

“ನೋಡಿದೆ. ನಿಮ್ಮ ಹತ್ರ ಒಂದು ಸಣ್ಣ ಕೆಲಸ ಇದೆ. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದಾಗ ನೀವು ಹಾಕಿದ್ದ ಚಪ್ಪಲಿ ಇದೆಯಾ?”

ಉಜ್ಜುತ್ತಿದ್ದ ಬಟ್ಟೆ ನಿಂತಿತು. “ಯಾಕೆ?”

“ಅಡಿ ನೋಡ್ಬೇಕಿತ್ತು. ಕಲ್ಲು ಅಂಟಿರುತ್ತೆ. ಹಸಿ ರೆಸಿನ್ ಮೇಲೆ ನಡೆದ್ರೆ ಕಲ್ಲು ಕಿತ್ತು ಚಪ್ಪಲಿಗೆ ಬರುತ್ತಂತೆ, ನೆಲದಲ್ಲಿ ಗುಳಿ ಬೀಳುತ್ತಂತೆ. ನೀವು ಮುಂಬಾಗಿಲಿಂದ ಗೇಟಿನ ತನಕ ಕುರ್ಚಿ ತಳ್ಳಿದ್ದೀರಿ. ನಿಮ್ಮ ಎರಡು ಕಾಲು, ನರ್ಸಮ್ಮಂದು ಎರಡು, ಕುರ್ಚಿಯ ನಾಲ್ಕು ಗಾಲಿ. ಅಲ್ಲಿ ಒಂದು ಗೀಟೂ ಇಲ್ಲ.”

ತಮ್ಮ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ, ಮತ್ತೆ ಉಜ್ಜಿದ.

“ಹಿಂದಿನ ಗೋಡೆಯಲ್ಲಿ ಮಾತ್ರ ಗೀರಿದೆ,” ಎಂದ ಜಿಗಣೆ.

“ಸಾರ್, ಅದು ಹಳೇದು...”

“ಬೀಗ ಹೊಸದು.”

ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ತಮ್ಮ ಕನ್ನಡಕವನ್ನು ಮೇಜಿನ ಮೇಲಿಟ್ಟ. ಇಡುವಾಗ ಅದು ಮಗುಚಿತು, ಸರಿಪಡಿಸಲು ಹೋಗಲಿಲ್ಲ. ಅವನಂಥ ಮನುಷ್ಯನಿಗೆ ಅದೇ ದೊಡ್ಡ ಮಾತು.

“ನಿಮ್ಮನ್ನ ಹೆದರಿಸೋಕೆ ಬಂದಿಲ್ಲ,” ಎಂದ ಜಿಗಣೆ. “ನಾನೇ ಹೆದರಿದ್ದೀನಿ. ಏನೂ ತಪ್ಪಿಲ್ಲದ ಒಂದು ಹೆಣ್ಣುಮಗಳು ನನ್ನ ಬರಹದಿಂದ ಒಳಗೆ ಕೂತಿದ್ದಾಳೆ. ಏನಾಯ್ತು ಅಂತ ಹೇಳಿಬಿಡಿ.”

ತಮ್ಮ ನೆಲ ನೋಡುತ್ತ ಹೇಳತೊಡಗಿದ. ಮೊದಲು ನಿಧಾನವಾಗಿ, ಆಮೇಲೆ ತಡೆಯಲಾರದವನಂತೆ.

“ಅಮ್ಮ ಎದೆ ಒತ್ತುತ್ತೆ ಅಂದ್ರು. ನರ್ಸಮ್ಮ ನೋಡಿದ ತಕ್ಷಣ ಓಡಿ ಬಂದ್ಲು. ತಡ ಮಾಡ್ಲಿಲ್ಲ ಸಾರ್ ಅವಳು, ಒಂದು ಚೂರೂ ತಡ ಮಾಡ್ಲಿಲ್ಲ. ‘ಅಣ್ಣಾ, ಇದು ಮಾಮೂಲಿ ನೋವಲ್ಲ, ಈಗಲೇ ಹೊರಡೋಣ’ ಅಂತ ಅಮ್ಮನ್ನ ಕುರ್ಚಿಯಲ್ಲಿ ಕೂರಿಸಿ ಮುಂಬಾಗಿಲು ತೆಗೆದೇಬಿಟ್ಲು. ನಾನು ಕುರ್ಚಿ ಹಿಡ್ಕೊಂಡೆ.”

“ಹಿಡ್ಕೊಂಡು?”

“ನಿಲ್ಲಿಸಿದೆ.” ಅವನು ತನ್ನ ಎರಡೂ ಅಂಗೈ ನೋಡಿಕೊಂಡ. “ಹಸಿ ಇದೆ, ನಿಲ್ಲು ಅಂದೆ. ಅವಳು ನನ್ನ ಮುಖ ನೋಡಿದ ರೀತಿ ಇದೆಯಲ್ಲ ಸಾರ್... ‘ಹಾಳಾದ್ರೆ ಹಾಳಾಗ್ಲಿ ಅಣ್ಣಾ, ನನ್ನ ಸಂಬಳದಲ್ಲಿ ಮುರ್ಕೊಳ್ಳಿ’ ಅಂದ್ಲು. ಅವಳ ಸಂಬಳ ಎಷ್ಟು ಅಂತ ನನಗೆ ಗೊತ್ತಿಲ್ವಾ? ಅಮ್ಮ ಬೇರೆ, ಜಗಳ ಬೇಡ, ನಾನು ಸ್ವಲ್ಪ ಮಲಗ್ತೀನಿ ಅಂದ್ರು. ಹೊರಗೆ ನೋಡ್ತಾನೇ ಅಂದ್ರು. ಅಕ್ಕ ಅಷ್ಟು ಖರ್ಚು ಮಾಡಿ ಹಾಕಿಸಿದ್ದು ಅಂತ ಅವರಿಗೂ ಇತ್ತು.”

ಜಿಗಣೆಗೆ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂಕಟ. ಯಾರದೋ ಹೊಸ ವಸ್ತು ಕೆಡುತ್ತದೆಂದು ಒಂದು ಕ್ಷಣ ಕೈ ಅಡ್ಡ ಹಿಡಿಯದವರು ಯಾರಿದ್ದಾರೆ? ಆದರೆ ಅದು ಒಂದು ಕ್ಷಣವಾಗಿರಲಿಲ್ಲ.

“ಹಾಗಂತ ಒಂದು ಗಂಟೆ ಕಾದ್ರಾ?”

“ನಾನೊಬ್ಬನೇ ಆಗಿದ್ರೆ ಕಾಯ್ತಿರಲಿಲ್ಲ ಸಾರ್. ಒಂದು ನಿಮಿಷಕ್ಕೇ ನನಗೆ ಬುದ್ಧಿ ಬರ್ತಿತ್ತು. ಆದ್ರೆ ನಾನು...” ಅವನು ಬಾಯಿ ಮುಚ್ಚಿಕೊಂಡ.

“ಹೇಳಿ.”

“ಅಕ್ಕನಿಗೆ ಫೋನ್ ಮಾಡಿದೆ.”

ಜಿಗಣೆ ಕೂತಲ್ಲೇ ಹಿಂದಕ್ಕೆ ಒರಗಿದ.

“ಈ ಮನೆಯಲ್ಲಿ ನೆಗಡಿ ಬಂದ್ರೂ ಅಕ್ಕನಿಗೇ ಫೋನು. ಡಾಕ್ಟರಲ್ವಾ. ಹಲ್ಲಿಂದೋ, ಎದೇದೋ, ನಮಗೆ ಡಾಕ್ಟರು ಅಂದ್ರೆ ಡಾಕ್ಟರೇ. ‘ಅಮ್ಮಂಗೆ ಎದೆ ಒತ್ತುತ್ತಂತೆ, ಮುಂದೆ ಹಾಸು ಹಸಿ ಇದೆ, ಏನ್ ಮಾಡ್ಲಿ?’ ಅಂದೆ. ‘ಗ್ಯಾಸು ಕಣೋ, ಅಮ್ಮಂದು ವಾರಕ್ಕೊಂದು ಸಲ ಇದ್ದಿದ್ದೇ. ಮಾತ್ರೆ ಕೊಟ್ಟು ಒರಗಿಸಿ ಕೂರಿಸು. ಅಷ್ಟೂ ಬೇಕು ಅಂದ್ರೆ ಹಿಂದಿನಿಂದ ಕರ್ಕೊಂಡು ಹೋಗು. ಅದರ ಮೇಲೆ ಮಾತ್ರ ಯಾರನ್ನೂ ಬಿಡಬೇಡ, ಬೆಳಗಿನ ತನಕ ಕಾಲಿಡಬಾರದು ಅಂದಿದ್ದಾನೆ ಮೇಸ್ತ್ರಿ,’ ಅಂದ್ಲು. ಮಾತ್ರೆ ಕೊಟ್ವಿ. ಕೂರಿಸಿದ್ವಿ. ನರ್ಸಮ್ಮ ಅಳ್ತಾ ಇದ್ಲು. ಅಮ್ಮನ ಮುಖ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಹಿಂದಿನ ಬಾಗಿಲಿಗೆ ಓಡಿದ್ವಿ. ಬೀಗದ ಕೈ ಎಲ್ಲೂ ಇಲ್ಲ. ಕೊನೆಗೆ ಅವಳೇ ಕಲ್ಲು ತಂದು ಹೊಡೆದ್ಲು.”

“ಆಗಲೂ ಮುಂದಿನಿಂದ ಹೋಗಬಹುದಿತ್ತು,” ಎಂದ ಜಿಗಣೆ ಮೆಲ್ಲಗೆ.

“ಹೋಗಬಹುದಿತ್ತು.” ತಮ್ಮ ಅಳುತ್ತಿದ್ದ. “ದಿನಾ ಹೋಗ್ತೀನಿ ಸಾರ್ ಈಗ. ದಿನಾ ಬೆಳಿಗ್ಗೆ ಅದರ ಮೇಲೆ ನಡೆದು ಅಂಗಡಿಗೆ ಹೋಗ್ತೀನಿ. ಏನೂ ಆಗಲ್ಲ ಅದಕ್ಕೆ.”

ಜಿಗಣೆ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ.

“ನರ್ಸಮ್ಮನ ಮೇಲೆ ಯಾಕೆ ಹಾಕಿದ್ರಿ?”

“ನಾನು ಹಾಕ್ಲಿಲ್ಲ. ಮುಂಬಾಗಿಲಿಂದ ಹೋದ್ವಿ ಅಂದೆ, ಅದೊಂದು ಸುಳ್ಳು ಹೇಳಿದೆ. ನರ್ಸಮ್ಮ ಎಷ್ಟು ಹೊತ್ತಿಗೆ ಕೂಗಿದ್ಲು ಅಂತ ಕೇಳಿದ್ರಿ, ಸರಿಯಾಗಿ ನೆನಪಿಲ್ಲ ಅಂದೆ. ಮಿಕ್ಕಿದ್ದೆಲ್ಲ ನೀವೇ ಬರೆದ್ರಿ ಸಾರ್. ಓದಿದಾಗ ನನಗೇ ನಿಜ ಅನ್ನಿಸಿಬಿಡ್ತು.”

ಜಿಗಣೆಗೆ ಮುಖಕ್ಕೆ ಹೊಡೆದಂತಾಯಿತು. ಹೊಡೆದವನಿಗೆ ಹೊಡೆದದ್ದೂ ಗೊತ್ತಿರಲಿಲ್ಲ.

“ಅಕ್ಕ ಯಾಕೆ ನನಗೆ ಕೇಸು ಕೊಟ್ಟರು? ತಡ ಯಾರಿಂದ ಆಯ್ತು ಅಂತ ಅವರಿಗೇ ಗೊತ್ತಿರಬೇಕಲ್ಲ?”

“ಗೊತ್ತಿಲ್ಲ ಸಾರ್! ಫೋನಿಟ್ಟ ಮೇಲೆ ನಾನು ಕೂಡಲೇ ಹೊರಟೆ ಅಂದ್ಕೊಂಡಿದ್ದಾಳೆ. ಆಸ್ಪತ್ರೆಯವರು ಒಂದು ಗಂಟೆ ಲೇಟು ಅಂದಾಗ, ಹಾಗಾದ್ರೆ ನರ್ಸಮ್ಮ ನಿನಗೆ ಹೇಳೋಕೆ ಮುಂಚೆನೇ ತಡ ಮಾಡಿದ್ದಾಳೆ ಅಂತ ಅವಳೇ ಅಂದ್ಲು. ನಾನು ಸುಮ್ಮನಿದ್ದೆ. ನೀನೇ ಗ್ಯಾಸು ಅಂದಿದ್ದು ಅಂತ ಅವಳಿಗೆ ನಾನು ಹೇಗೆ ಹೇಳ್ಲಿ? ಚಿಕ್ಕಂದಿನಿಂದ ನನ್ನ ಎತ್ತಿ ಆಡಿಸಿದವಳು. ಅಮ್ಮನ ಮೇಲೆ ಪ್ರಾಣ ಇಟ್ಕೊಂಡವಳು.”

“ನಾಳೆ ಕೋರ್ಟಲ್ಲಿ ಹೇಳ್ತೀರಾ? ಈಗ ನನಗೆ ಹೇಳಿದ ಹಾಗೇ?”

ತಮ್ಮ ಕಣ್ಣೊರೆಸಿಕೊಂಡ. ಬಹಳ ಹೊತ್ತು ಕಿಟಕಿಯ ಕಡೆ ನೋಡಿದ. ಆಮೇಲೆ ತಲೆಯಾಡಿಸಿದ. “ಹೇಳ್ತೀನಿ. ನರ್ಸಮ್ಮನ ಮುಖ ನನಗೆ ನಿದ್ದೆ ಮಾಡೋಕೆ ಬಿಡ್ತಾ ಇಲ್ಲ. ಆದ್ರೆ ಅಕ್ಕನಿಗೆ ಮೊದಲು ನೀವು ಹೇಳಿ ಸಾರ್. ನನ್ನ ಕೈಲಿ ಆಗಲ್ಲ.”

ಹಾಸಿನ ಮೇಲೆ ಮೊಣಕಾಲೂರಿದಾಗಿನಿಂದ ಮೊದಲ ಬಾರಿಗೆ ಜಿಗಣೆಗೆ ಉಸಿರು ಸರಾಗವಾಗಿ ಬಂತು. ಜೇಬಿನಿಂದ ಫೋನು ತೆಗೆದು, ಡಾಕ್ಟರಮ್ಮನ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಒಂದೇ ರಿಂಗಿಗೆ ಅವಳು ಎತ್ತಿದಳು.

“ನಾನೇ ಮಾಡೋಣ ಅಂತಿದ್ದೆ. ನಾಳೆ ಸಾಕ್ಷಿ ಹೇಳೋಕೆ ಬರ್ತೀರಲ್ಲ? ವಕೀಲರು ನಿಮ್ಮನ್ನೇ ಮೊದಲು ಕರೀತಾರಂತೆ.”

“ಡಾಕ್ಟ್ರಮ್ಮಾ, ನಾನು ನಿಮ್ಮ ತಮ್ಮನ ಮನೆಯಲ್ಲಿದ್ದೀನಿ. ಅವರೂ ಕೇಳಿಸ್ಕೊಳ್ತಾ ಇದ್ದಾರೆ. ಒಂದು ಪ್ರಶ್ನೆ. ಅಮ್ಮ ಹೋದ ದಿನ ಸಂಜೆ ಇವರು ನಿಮಗೆ ಫೋನ್ ಮಾಡಿದ್ರಾ?”

ಆ ಕಡೆ ಯಾವುದೋ ಯಂತ್ರ ಸುಯ್‌ಗುಡುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು. ಬಾಗಿಲು ಮುಚ್ಚಿದ ಸದ್ದು. ಮತ್ತೆ ಏನೂ ಇಲ್ಲ. ವಿಮೆ ಕಂಪನಿಯ ಕಾಲದಿಂದಲೂ ಜಿಗಣೆ ಬಹಳ ಜನರ ಮೌನ ಕೇಳಿದ್ದ. ನೆನಪಿಸಿಕೊಳ್ಳುವವರ ಮೌನ ಬೇರೆ. ನೆನಪು ಒತ್ತರಿಸಿ ಬರುವಾಗ ಅದಕ್ಕೆ ಬಾಗಿಲು ಹಾಕುವವರ ಮೌನ ಬೇರೆ.

“ಮಾಡಿದ್ದ,” ಎಂದಳು ಅಕ್ಕ. ದನಿ ತೆಳ್ಳಗಾಗಿತ್ತು. “ದಿನಾ ಮಾಡ್ತಾನೆ. ಹಾಸು ಹೇಗೆ ಬಂತು ಅಂತ ಕೇಳಿದೆ. ಚೆನ್ನಾಗಿ ಬಂದಿದೆ ಅಂದ.”

“ಅಮ್ಮನ ವಿಷಯ?”

“ಅಮ್ಮ ಮಲಗಿದ್ದಾರೆ ಅಂದ.” ಈಗ ದನಿ ಗಟ್ಟಿಯಾಯಿತು. “ಅಷ್ಟೇ ಮಾತಾಡಿದ್ದು. ಅಲ್ವೇನೋ?”

ಜಿಗಣೆ ತಮ್ಮನ ಕಡೆ ನೋಡಿದ. ತಮ್ಮ ಫೋನಿನ ಕಡೆ ನೋಡುತ್ತಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ, ಕುಟಿಲತೆಯೂ ಇರಲಿಲ್ಲ. ಬಿದ್ದು ಮಂಡಿ ಕೆತ್ತಿಕೊಂಡ ಮಗುವನ್ನು ನೋಡುವವರ ಮುಖದಲ್ಲಿ ಇರುತ್ತದಲ್ಲ, ಆ ಮರುಕ ಇತ್ತು. ಅಕ್ಕನಿಗೆ ಎಲ್ಲವೂ ನೆನಪಿದೆ ಎಂಬುದು ಅವನಿಗೂ ಈಗಷ್ಟೇ ಗೊತ್ತಾಗಿತ್ತು.

“ಹೇಳೋ,” ಎಂದಿತು ಫೋನು. ಅದು ಅಪ್ಪಣೆಯಂತಿರಲಿಲ್ಲ. ಬೇಡುವಂತಿತ್ತು.

“ಹೌದಕ್ಕಾ,” ಎಂದ ತಮ್ಮ. “ಅಷ್ಟೇ ಮಾತಾಡಿದ್ದು. ಅಮ್ಮ ಮಲಗಿದ್ದಾರೆ ಅಂದೆ.”

“ಈಗ ತಾನೇ ನನಗೆ...” ಎಂದು ಜಿಗಣೆ ಎದ್ದು ನಿಂತ.

“ನಾನು ಏನೂ ಹೇಳ್ಲಿಲ್ಲ ಸಾರ್ ನಿಮಗೆ,” ಎಂದ ತಮ್ಮ. ಕೆನ್ನೆಯ ಮೇಲೆ ನೀರು ಇನ್ನೂ ಆರಿರಲಿಲ್ಲ. ಮಗುಚಿದ್ದ ಕನ್ನಡಕವನ್ನು ಎತ್ತಿ, ಕಡ್ಡಿ ಮಡಚಿ, ಎರಡೂ ಕೈಯಿಂದ ಜಿಗಣೆಯ ಮುಂದಕ್ಕೆ ಹಿಡಿದ. “ಕ್ಷಮಿಸಿ.”

ಜಿಗಣೆ ಕನ್ನಡಕ ಹಾಕಿಕೊಂಡ. ಅಕ್ಕ ತನ್ನಿಂದ ತಾನೇ ಅಡಗಿ ಕೂತಿದ್ದಳು, ತಮ್ಮ ಅವಳನ್ನು ಕಾಯುತ್ತ ಅಡ್ಡ ನಿಂತಿದ್ದ. ಇಬ್ಬರ ನಡುವೆ ನಿಜ ಹೇಳಿದ ಒಬ್ಬಳೇ ಒಬ್ಬಳು ಕಂಬಿಯ ಹಿಂದೆ ಇದ್ದಳು. ಅವಳನ್ನು ಅಲ್ಲಿ ಬಿಟ್ಟು ಮನೆಗೆ ಹೋಗಿ ಊಟ ಮಾಡಲು ಅವನಿಂದ ಆಗುತ್ತಿರಲಿಲ್ಲ.

“ನಾಳೆ ಬರ್ತೀನಿ ಡಾಕ್ಟ್ರಮ್ಮಾ,” ಎಂದ. “ಆದ್ರೆ ನಿಮ್ಮ ಸಾಕ್ಷಿಯಾಗಿ ಅಲ್ಲ. ನರ್ಸಮ್ಮನ ಕಡೆಯಿಂದ ನಿಂತ್ಕೊಂಡು, ನನ್ನ ವರದಿ ತಪ್ಪು ಅಂತ ಹೇಳ್ತೀನಿ.”

“ಹೇಳಿ,” ಎಂದಳು ಅಕ್ಕ. ಅವಳೂ ಅಳುತ್ತಿದ್ದಳು. “ಆದ್ರೆ ನೀವು ಅವಳ ಕಡೆ ಅಂತ ಆ ನರ್ಸಮ್ಮ ಯಾಕೆ ನಂಬ್ತಾಳೆ? ನಿಜ ಹೇಳಿದಾಗ ಅವಳನ್ನ ನೋಡಿ ನಕ್ಕವರು ನೀವು. ನಾನಲ್ಲ.”